ಕಾಯುವ ಸೀಟು

ತೆಂಗಿನಕಾಯಿ ತುರಿಯುವುದಕ್ಕೂ ಒಂದು ಸಂಯಮ ಬೇಕು, ಓದುಗ ಮಿತ್ರ. ಬಿಳುಪು ಮುಗಿದು ಕಂದು ಶುರುವಾಗುವ ಗೆರೆಯನ್ನು ಕಣ್ಣಿಗಿಂತ ಮೊದಲು ಕೈ ಕಂಡುಕೊಳ್ಳಬೇಕು, ಅಷ್ಟರಲ್ಲೇ ಹೋಳನ್ನು ತಿರುಗಿಸಿಬಿಡಬೇಕು. ತಡವಾದರೆ ಚಿಪ್ಪಿನ ಚೂರು ಬೆಳ್ಳಗಿನ ತುರಿಯೊಳಗೆ ಸೇರಿಕೊಂಡು, ಚಟ್ನಿ ತಿನ್ನುವವರ ಹಲ್ಲಿಗೆ ಸಿಕ್ಕು ನಿಮ್ಮ ಮರ್ಯಾದೆ ಕಳೆಯುತ್ತದೆ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಭಾನುವಾರದ ಕಾಯಿ ತುರಿಯುವುದು ಇಪ್ಪತ್ತು ವರ್ಷಗಳಿಂದ ನನ್ನ ಪಾಲಿನ ಕೆಲಸ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಕ್ಕಿಲ್ಲ. ಆ ಭಾನುವಾರವೂ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ತುರಿಮಣೆಯ ಮೇಲೆ ಕೂತಿದ್ದೆ. ಆ ಕಡೆಯಿಂದ ಸದಾನಂದ ಕೂಗುತ್ತಿದ್ದ.

"ಲೋ ಶ್ರೀಕಂಠ, ಲೀನಸ್‌ಗೆ ಸೀಟ್ ಸಿಕ್ತು ಕಣೋ! ಅಮೆರಿಕದೋರು ತಗೊಂಡ್ರು!"

"ತುಂಬಾ ಸಂತೋಷ ಕಣೋ," ಎಂದೆ. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ರೀ, ಕಾಯಿ ತುರೀತಿದ್ದೀರೋ, ಚಿಪ್ಪು ತುರೀತಿದ್ದೀರೋ?"

ಸದಾನಂದ ಮೈಸೂರಿನಲ್ಲಿ ನನ್ನ ಸಹಪಾಠಿ, ಇಲ್ಲಿ ಔಷಧಿ ಕಾರ್ಖಾನೆಯೊಂದರ ಮ್ಯಾನೇಜರು. ಅವನ ಹೆಂಡತಿ ಅನ್ನಿಕಾ ಸ್ವೀಡನ್ನಿನವಳು, ಇಲ್ಲಿಗೆ ನರ್ಸಾಗಿ ಬಂದು ಇಲ್ಲೇ ಉಳಿದವಳು. ಅವರ ಒಬ್ಬನೇ ಮಗ ಲೀನಸ್ ಹನ್ನೊಂದನೇ ವಯಸ್ಸಿನಿಂದ ಸ್ವೀಡನ್ನಿನ ಸಣ್ಣ ಊರೊಂದರಲ್ಲಿ ಅಜ್ಜಿಯ ಜೊತೆ ಇದ್ದುಕೊಂಡು ಐಸ್ ಹಾಕಿ ಆಡುತ್ತ ಬೆಳೆದವನು. ಈಗ ಅವನಿಗೆ ಹದಿನೆಂಟು. ಪ್ರತಿ ವರ್ಷ ಅಮೆರಿಕದ ದೊಡ್ಡ ಕ್ಲಬ್ಬುಗಳು ಸರದಿಯ ಮೇಲೆ ಜಗತ್ತಿನ ಹುಡುಗರನ್ನು ಹೆಸರು ಕೂಗಿ ಆರಿಸಿಕೊಳ್ಳುತ್ತವಂತೆ; ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಅವನ ಹೆಸರನ್ನು ಕೂಗಿದ್ದರು.

ನನಗಾದದ್ದನ್ನು ಅಸೂಯೆ ಎಂದರೆ ಸುಳ್ಳಾಗುತ್ತದೆ. ಅಸೂಯೆ ರೇಷ್ಮೆ ಪಂಚೆ ಉಟ್ಟು ಸಭೆಯಲ್ಲಿ ಕೂರುವ ಪದ. ಮತ್ಸರಕ್ಕೆ ಕಾಮಕ್ರೋಧಾದಿ ದೊಡ್ಡ ಬಳಗವಿದೆ, ಅದರ ವಿಚಾರಣೆಗೆ ಸ್ವಾಮಿಗಳಿದ್ದಾರೆ. ನನ್ನದು ಹೊಟ್ಟೆಕಿಚ್ಚು: ಪಕ್ಕೆಲುಬಿನ ಕೆಳಗೆ, ಎಡಕ್ಕೆ, ಊಟವಾದ ಮೇಲೂ ಆರದೆ ಉಳಿಯುವಂಥದ್ದು. ಯಾರ ಮೇಲೆ ಎಂದು ಆಗ ಗೊತ್ತಿರಲಿಲ್ಲ. ಮೈಸೂರಿನ ಮೈದಾನದಲ್ಲಿ ನನ್ನ ಹಾಕಿ ಕೋಲು ಹೊತ್ತುಕೊಂಡು ಹಿಂದೆ ಬರುತ್ತಿದ್ದ ಸದಾನಂದನ ಮೇಲೆ ಎಂದುಕೊಂಡಿದ್ದೆ. ಅವನು ಒಂದು ದಿನವೂ ಆಡಿದವನಲ್ಲ. ನಾನು ವಿಶ್ವವಿದ್ಯಾಲಯದ ತಂಡದ ಲೆಫ್ಟ್ ಹಾಫ್.

ಇಲ್ಲಿ ನಾನು ಒಂದು ಕಥೆ ಹೇಳಬೇಕು. ರಾಜ್ಯ ತಂಡದ ತರಬೇತಿ ಶಿಬಿರಕ್ಕೆ ನನಗೆ ಕರೆ ಬಂದಿತ್ತು. ಅಪ್ಪ, ಪರೀಕ್ಷೆ ಹತ್ತಿರವಿದೆ, ಹೋಗಕೂಡದು ಎಂದರು. ಹೋಗಲಿಲ್ಲ.

ಕಥೆ ಚೆನ್ನಾಗಿದೆ. ಅದೇ ಅದರ ತೊಂದರೆ. ಇದನ್ನು ನಾನು ಇನ್ನೊಂದು ಬಗೆಯಲ್ಲೂ ಹೇಳಿದ್ದೇನೆ. ಅದರಲ್ಲಿ ಅಪ್ಪ ಬರುವುದಿಲ್ಲ, ಟೈಫಾಯ್ಡ್ ಬರುತ್ತದೆ. ಎರಡನ್ನೂ ಹೇಳುವಾಗ ಎರಡನ್ನೂ ನಂಬಿದ್ದೆ. ನೆನಪು ಎನ್ನುವುದು ನಮ್ಮ ಕಾಲೇಜಿನ ಪ್ರಯೋಗದ ದಾಖಲೆ ಪುಸ್ತಕದಂತೆ: ಬರಬೇಕಾದ ಉತ್ತರ ಮೊದಲೇ ಗೊತ್ತಿದ್ದರೆ ಹುಡುಗರು ಅಳತೆಗಳನ್ನು ಹಿಂದಿನಿಂದ ತುಂಬಿಸುತ್ತಾರೆ, ಗ್ರಾಫಿನಲ್ಲಿ ಬರುವ ಗೆರೆ ಮಾತ್ರ ಬಲು ನೇರ.

ಲೀನಸ್‌ನನ್ನು ಮೊದಲು ಮಂಜುಗಡ್ಡೆಯ ಮೇಲೆ ನಿಲ್ಲಿಸಿದವನು ನಾನು. ಇದಕ್ಕೆ ಸಾಕ್ಷಿಗಳಿದ್ದಾರೆ, ಆದ್ದರಿಂದ ನನ್ನ ನೆನಪನ್ನು ನೀವು ನಂಬಬೇಕಾಗಿಲ್ಲ. ಈ ಊರಿನ ಹೋಟೆಲೊಂದರ ಮಹಡಿಯ ಮೇಲೆ, ಮದುವೆ ಛತ್ರದ ಊಟದ ಹಾಲಿನಷ್ಟು ಅಗಲದ ಮಂಜಿನ ಅಂಗಳವೊಂದಿತ್ತು. ಸದಾನಂದನಿಗೆ ಶನಿವಾರವೂ ಕಾರ್ಖಾನೆ, ಅನ್ನಿಕಾಳಿಗೆ ಆಸ್ಪತ್ರೆ. ಆರು ವರ್ಷದ ಹುಡುಗನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಟಾಟು ಎಂಬ ಬಾಡಿಗೆ ವ್ಯಾನುಗಳ ನಡುವೆ ನುಸುಳುತ್ತ ಐದು ವರ್ಷ ಪ್ರತಿ ಶನಿವಾರ ನಾನೇ ಕರೆದೊಯ್ದೆ. ಅಲ್ಲಿ ಕಲಿಸುತ್ತಿದ್ದ ಯುವಕ "ಪೋಲೆ ಪೋಲೆ," ನಿಧಾನ ನಿಧಾನ, ಎಂದು ಕೂಗುತ್ತಿದ್ದ. ಹುಡುಗನಿಗೆ ಆ ಮಾತು ಎಂದೂ ಕೇಳಿಸಲಿಲ್ಲ.

ಡ್ರಾಫ್ಟ್ ಆದ ಮೇಲೆ ಉಳಿದದ್ದು ಒಂದೇ ಪ್ರಶ್ನೆ: ಇನ್ನೆರಡು ವರ್ಷ ಹುಡುಗ ಎಲ್ಲಿ ಪಳಗಬೇಕು? ತನ್ನೂರಿನ ಕ್ಲಬ್ಬಿನಲ್ಲೇ ಉಳಿದು ದೊಡ್ಡವರ ತಂಡದಲ್ಲಿ ಆಡಬಹುದು. ಇಲ್ಲವೇ ಕೆನಡಾಕ್ಕೆ ಹೋಗಿ ತನ್ನ ವಯಸ್ಸಿನ ಹುಡುಗರ ಜೊತೆ ಆಡಬಹುದು. ಅಲ್ಲಿಯ ತಂಡವೊಂದು ಜುಲೈ ಕೊನೆಯ ಶುಕ್ರವಾರದೊಳಗೆ ಉತ್ತರ ಬೇಕೆಂದು ಕೇಳಿತ್ತು. ಅಮೆರಿಕದ ಕ್ಲಬ್ಬು ಎರಡಕ್ಕೂ ಒಪ್ಪಿತ್ತು. ಅದು ಕಳಿಸಿದ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಹುಡುಗ ಎಲ್ಲೇ ಆಡಲಿ, ಕೆಲವು ವರ್ಷ ಅವನ ಮೇಲಿನ ಹಕ್ಕು ನಮ್ಮದೇ, ನಾವು ಕಾಯುತ್ತೇವೆ.

ಇದನ್ನು ಅನ್ನಿಕಾ ಗಂಡನಿಗೆ ಹೇಳಿದ್ದಳು, ಮಗನೂ ಹೇಳಿದ್ದ. ಸದಾನಂದ ನಂಬಲಿಲ್ಲ. ಏಕೆಂದರೆ ನಮ್ಮಲ್ಲಿ ಮನೆಯವರ ಮಾತು ಪ್ರಮಾಣವಲ್ಲ. ದೊಡ್ಡ ಕಡೆಯಿಂದ ಬಂದ ಕಾಗದವನ್ನು ಹೊರಗಿನ ತಿಳಿದವನೊಬ್ಬ ಓದಿ ಹೇಳಿದರೇ ಅದಕ್ಕೆ ಅರ್ಥ ಬರುವುದು. ಅಲ್ಲದೆ ಇಂಜಿನಿಯರಿಂಗ್ ಸೀಟಿನ ಕೌನ್ಸೆಲಿಂಗ್ ಕಂಡ ನಮ್ಮ ಪೈಕಿಯವರಿಗೆ ಎಂದಾದರೂ ಸೀಟು ಕಾಯ್ದದ್ದು ಗೊತ್ತೇ? ಹೇಳಿದ ದಿನ ಹಾಜರಾಗದಿದ್ದರೆ ಮುಂದಿನವನಿಗೆ ಹೋಯಿತು. ಕಾಗದವನ್ನು ನನ್ನ ಕೈಗಿಟ್ಟು, "ನೀನು ಹಾಕಿ ಆಡಿದೋನು, ಓದಿ ಹೇಳಪ್ಪ," ಎಂದಿದ್ದ. ನಾನು ಮರುದಿನವೇ ಓದಿದೆ, ಎರಡು ಸಲ. ಮೂರು ವಾರ ಅವನು ಕೇಳಿದಾಗೆಲ್ಲ, "ಓದ್ತಾ ಇದೀನಿ ಕಣೋ, ಕಾನೂನಿನ ಭಾಷೆ," ಎಂದೆ.

ಜುಲೈಯಲ್ಲಿ ಲೀನಸ್ ಬಂದ. ಜುಲೈ ಎಂದರೆ ನೈರೋಬಿಗೆ ಬೂದು ಬಣ್ಣದ ಚಳಿ. ನಾವೆಲ್ಲ ಸ್ವೆಟರಿನೊಳಗೆ ಮುದುಡಿದ್ದಾಗ ಅವನು ಬನಿಯನ್ನಿನಲ್ಲಿ ಓಡಾಡುತ್ತಿದ್ದ. ಅವನ ಹೆತ್ತವರ ಮನೆಯಲ್ಲಿ ಭಾನುವಾರ ಊಟ. ಎಲ್ಲರೂ ಒಳಗಿದ್ದಾಗ ಅವನು ನನ್ನನ್ನು ಬಾಲ್ಕನಿಗೆ ಕರೆದ. ಕನ್ನಡ ಅವನಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸ್ವೀಡನ್ನಿನ ಊರಿನಲ್ಲೇ ಉಳಿಯಬೇಕೆಂದಿದ್ದೇನೆ ಎಂದ. ಮಕ್ಕಳ ಎದುರು ನಾನು ಚೆನ್ನಾಗಿ ಕಾಣುತ್ತೇನೆ, ದೊಡ್ಡವರ ಎದುರು ಕಾಣುವುದಿಲ್ಲ, ಆದ್ದರಿಂದ ದೊಡ್ಡವರ ಜೊತೆಯೇ ಆಡಬೇಕು ಎಂದ. ಆಮೇಲೆ ನನ್ನ ತೋಳು ಹಿಡಿದು, "ಅಂಕಲ್, ಪ್ಲೀಸ್. ಡ್ಯಾಡ್ ನಿಮ್ಮ ಮಾತು ಮಾತ್ರ ಕೇಳ್ತಾರೆ," ಎಂದ. ಕೊನೆಯ ವಾಕ್ಯವನ್ನು ಕನ್ನಡದಲ್ಲಿ ಹೇಳಿದ. ಅದಕ್ಕಾಗಿ ಅಭ್ಯಾಸ ಮಾಡಿಕೊಂಡು ಬಂದಿದ್ದನೆಂದು ಕಾಣುತ್ತದೆ.

ಊಟದ ಮೇಜಿನ ಸುತ್ತ ಇನ್ನಿಬ್ಬರು ಇದ್ದರು: ಹೆರಿಗೆ ಡಾಕ್ಟರು ವತ್ಸಲಾ ಮೇಡಂ, ಮತ್ತು ಪ್ಯಾಕಿಂಗ್ ಕಾರ್ಖಾನೆಯ ಇಂಜಿನಿಯರು ಗುರುರಾಜ್. ಇಬ್ಬರೂ ಐಸ್ ಹಾಕಿಯನ್ನು ಒಂದು ಸಲವೂ ಕಂಡವರಲ್ಲ, ಅದರಿಂದ ಅವರ ಅಭಿಪ್ರಾಯಕ್ಕೆ ಯಾವ ಅಡ್ಡಿಯೂ ಆಗಲಿಲ್ಲ.

"ಕೆನಡಾ ಅಂದ್ರೆ ಅಮೆರಿಕದ ಪಕ್ಕದ ಮನೆ," ಎಂದರು ಗುರುರಾಜ್. "ಪಕ್ಕದ ಮನೇಲಿದ್ರೆ ಕಣ್ಣಿಗೆ ಬೀಳ್ತಾನೆ. ಆ ಹಳ್ಳೀಲಿ ಕೂತ್ರೆ ಯಾರಿಗೆ ನೆನಪಿರುತ್ತೆ?"

"ಸೀಟ್ ಸಿಕ್ಕ ಮೇಲೆ ಹೋಗಿ ರಿಪೋರ್ಟ್ ಮಾಡ್ಕೋಬೇಕು ಪುಟ್ಟ," ಎಂದರು ವತ್ಸಲಾ ಮೇಡಂ, ಲೀನಸ್‌ನ ತಟ್ಟೆಗೆ ಮೂರನೇ ಸಲ ಪಲ್ಯ ಬಡಿಸುತ್ತ. "ನಮ್ಮಕ್ಕನ ಮಗ ಒಂದಿನ ಲೇಟಾಗಿ ಹೋದ, ಮೆಡಿಕಲ್ ಹೋಗಿ ಡೆಂಟಲ್ ಆಯ್ತು."

"ಇಲ್ಲಿ ಡೆಂಟಲ್ ತಾನಾಗೇ ಆಗುತ್ತೆ ಮೇಡಂ, ಹಲ್ಲು ಉದುರೋ ಆಟ," ಎಂದ ಸದಾನಂದ. ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಅವನು ನನ್ನ ಕಡೆ ತಿರುಗಿದ. "ನೀನು ಹೇಳೋ. ಕಾಗದದಲ್ಲಿ ಏನಿದೆ? ಕಾಯ್ತಾರಾ?"

ಒಂದು ಮಾತು ಸಾಕಿತ್ತು. ಲೀನಸ್ ಅನ್ನ ಕಲಸುವುದನ್ನು ನಿಲ್ಲಿಸಿದ್ದ.

"ಕಾಗದ ಏನೇ ಹೇಳ್ಲಿ ಸದಾ," ಎಂದೆ, "ಅವಕಾಶ ಎರಡನೇ ಸಲ ಬಾಗಿಲು ತಟ್ಟಲ್ಲ. ನನಗೂ ಶಿಬಿರಕ್ಕೆ ಕರೆ ಬಂದಿತ್ತು. ಅಪ್ಪ ಬಿಡಲಿಲ್ಲ. ಇವತ್ತಿಗೂ ಆ ಬೆಳಗ್ಗೆ ನೆನೆಸ್ಕೊಂಡ್ರೆ..." ಎಂದು ನಿಲ್ಲಿಸಿದೆ. ಎಲ್ಲಿ ನಿಲ್ಲಿಸಬೇಕೆಂದು ನನಗೆ ಗೊತ್ತು. ವತ್ಸಲಾ ಮೇಡಂ ಕಣ್ಣೊರೆಸಿಕೊಂಡರು. ಸದಾನಂದ ಮಗನ ಬೆನ್ನು ತಟ್ಟಿ, "ಕೇಳಿದ್ಯಾ?" ಎಂದ. ಹುಡುಗ ನನ್ನನ್ನು ನೋಡಲಿಲ್ಲ. ನೀರು ಕುಡಿದ.

ಆಗ ಅನ್ನಿಕಾ, ಹಪ್ಪಳದ ಡಬ್ಬಿಯನ್ನು ಮೇಜಿನ ಮೇಲಿಡುತ್ತ, ತನ್ನ ಬಿಡಿಬಿಡಿ ಕನ್ನಡದಲ್ಲಿ ಹೇಳಿದಳು: "ಶ್ರೀಕಂಠ, ಹೋದ ವರ್ಷ ಜ್ವರ ಇತ್ತು. ಅಪ್ಪ ಇರಲಿಲ್ಲ. ಈ ಅಪ್ಪ ಹೊಸದು."

ಅದರಲ್ಲಿ ಕೊಂಕು ಇರಲಿಲ್ಲ. ಅವಳು ನರ್ಸು; ರೋಗಿ ನಿನ್ನೆ ಹೇಳಿದ್ದಕ್ಕೂ ಇವತ್ತು ಹೇಳಿದ್ದಕ್ಕೂ ತಾಳೆ ನೋಡುವುದು ಅವಳ ಕಸುಬು. ಗುರುರಾಜ್ ಮಾತ್ರ ಕಿಸಕ್ಕನೆ ನಕ್ಕು, ಹೆಂಡತಿ ಜೊತೆಗಿಲ್ಲದ್ದರಿಂದ ಕಾಲು ತುಳಿಸಿಕೊಳ್ಳದೆ ಪಾರಾದರು.

ಆ ಕ್ಷಣದಲ್ಲಿ ಮೂರನೇ ಕಥೆ ಬಂತು. ಶಿಬಿರಕ್ಕೆ ನಾನು ಹೋಗಿದ್ದೆ. ಎರಡು ದಿನ ಇದ್ದೆ. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ನಿಧಾನ ನಾನು. ಮೂರನೇ ದಿನ ಬೆಳಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಯಾರೂ ಹುಡುಕಿಕೊಂಡು ಬರಲಿಲ್ಲ, ಒಂದು ಕಾಗದವೂ ಬರಲಿಲ್ಲ. ಇದಾದರೂ ನಿಜವೇ? ಪ್ರಮಾಣ ಮಾಡಲಾರೆ. ಉಳಿದೆರಡು ಕಥೆಗಳಲ್ಲಿಲ್ಲದ ಡೀಸೆಲ್ ವಾಸನೆ ಇದರಲ್ಲಿದೆ, ಅಷ್ಟೆ; ವಾಸನೆಯನ್ನೂ ಹಿಂದಿನಿಂದ ತುಂಬಿಸಬಹುದು. ಆದರೆ ಹೊಟ್ಟೆಯೊಳಗಿನ ಕಿಚ್ಚು ಯಾವುದಕ್ಕಾಗಿ ಉರಿಯುತ್ತಿತ್ತೆಂದು ಆಗ ಗೊತ್ತಾಯಿತು. ಹುಡುಗನನ್ನು ಆರಿಸಿದರಲ್ಲ, ಅದಕ್ಕಲ್ಲ. ಅವನು ಬರುವುದಿಲ್ಲ ಎಂದರೂ ಅವರು ಕಾಯುತ್ತಾರಲ್ಲ, ಅದಕ್ಕೆ. ಮನೆಯಲ್ಲೇ ಉಳಿದೂ ಆರಿಸಲ್ಪಟ್ಟವನಾಗಿ ಉಳಿಯಬಹುದು ಎಂಬ ಸಾಧ್ಯತೆ ಈ ಲೋಕದಲ್ಲಿ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ ಕಾಗದವೊಂದು ಕೈಗೆ ಬಂದಾಗ ಅದನ್ನು ಮೂರು ವಾರ ಪುಸ್ತಕದ ನಡುವೆ ಮುಚ್ಚಿಟ್ಟೆ. ಅವನು ಹೋಗಲಿ, ಹೋಗಿ ಸೋಲಲಿ ಎಂದಿತ್ತೇ ನನ್ನ ಮನಸ್ಸಿನಲ್ಲಿ? ಇತ್ತು. ಹೋಗಿ ಗೆಲ್ಲಲಿ ಎಂದೂ ಇತ್ತು; ಆಗ, ಹೋಗಿದ್ದರೆ ನಾನೂ ಗೆಲ್ಲುತ್ತಿದ್ದೆ ಎಂದಾಗುತ್ತಿತ್ತಲ್ಲ. ಎರಡರಲ್ಲೂ ಹುಡುಗ ನನ್ನ ಕಥೆಗೆ ಸಾಕ್ಷಿ ಹೇಳಲು ಮಾತ್ರ ಬೇಕಾಗಿದ್ದ.

"ಸದಾ," ಎಂದೆ. "ಅವರು ಕಾಯ್ತಾರೆ. ಕಾಗದದಲ್ಲಿ ಹಾಗೇ ಇದೆ. ಇದು ನಮ್ಮ ಸೀಟಿನ ಥರ ಅಲ್ಲ. ಅವನು ಎಲ್ಲಿ ಆಡಿದ್ರೂ ಸೀಟು ಹೋಗಲ್ಲ."

"ಯಾವಾಗ ಓದಿದೆ?"

"ನೀನು ಕೊಟ್ಟ ಮಾರನೇ ದಿನ."

ಸದಾನಂದ ಬೈಯಲಿಲ್ಲ. ಬೈದಿದ್ದರೆ ಮೈಸೂರಿನ ಸಲಿಗೆ ಉಳಿಯುತ್ತಿತ್ತು. "ಊಟ ಮಾಡಿ, ಶ್ರೀಕಂಠ," ಎಂದ. ಮೂವತ್ತೈದು ವರ್ಷಗಳಲ್ಲಿ ಮೊದಲ ಸಲ ನನ್ನನ್ನು ಬಹುವಚನದಲ್ಲಿ ಕರೆದಿದ್ದ. ವತ್ಸಲಾ ಮೇಡಂ ಏನಾಯಿತೆಂದು ಗೊತ್ತಾಗದೆ ನನ್ನ ತಟ್ಟೆಗೂ ಪಲ್ಯ ಹಾಕಿದರು.

ಶುಕ್ರವಾರದ ಮೊದಲೇ ಕೆನಡಾಕ್ಕೆ ಬರುವುದಿಲ್ಲ ಎಂಬ ಉತ್ತರ ಹೋಯಿತು. ಲೀನಸ್ ತನ್ನೂರಿಗೆ ಮರಳಿದ. ಹೊರಡುವ ಮುನ್ನ ನಮ್ಮ ಮನೆಗೆ ಬಂದು ನನ್ನ ಹೆಂಡತಿಯ ಕಾಲಿಗೆ ನಮಸ್ಕಾರ ಮಾಡಿದ, ನನ್ನ ಕೈ ಕುಲುಕಿದ. ಬಾಗಿಲಲ್ಲಿ ತಿರುಗಿ, ನೀವು ಮೊದಲೇ ಹೇಳಬಹುದಿತ್ತು ಎಂದ. ಹೌದು ಎಂದೆ. ಸದಾನಂದನ ಫೋನು ಎರಡು ತಿಂಗಳು ಬರಲಿಲ್ಲ.

ಇಲ್ಲಿಗೆ ನಾನು ಪರಿಶುದ್ಧನಾದೆ ಎಂದು ಬರೆದರೆ ಅದು ನಾಲ್ಕನೇ ಕಥೆಯಾಗುತ್ತದೆ. ಕಿಚ್ಚು ಹಾಗೇ ಇದೆ. ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ, ಎರಡು ಪಾಠಗಳ ನಡುವೆ, ಲೀನಸ್‌ನಿಂದ ಒಂದು ಪುಟ್ಟ ವಿಡಿಯೊ ಬಂತು: ಗಡ್ಡ ಬಿಟ್ಟ ದೈತ್ಯನೊಬ್ಬ ಅವನನ್ನು ಗೋಡೆಗೆ ಒತ್ತಿ, ಚೆಂಡಿನ ಬದಲು ಅವರು ಆಡುವ ಆ ಕರಿ ಬಿಲ್ಲೆಯನ್ನು ಕಸಿದುಕೊಂಡು ಹೋಗುತ್ತಾನೆ. ನನಗೆ ಸಂತೋಷವಾಯಿತು. ಮರೆಮಾಚುವುದಿಲ್ಲ, ಬೆಚ್ಚಗಿನ ಸಂತೋಷ. ಇನ್ನೊಮ್ಮೆ ಆ ಸುಖ ಬೇಕೆಂದು ಮತ್ತೆ ನೋಡಿದೆ, ಮತ್ತೆ ನೋಡಿದೆ. ನಾಲ್ಕನೇ ಸಲಕ್ಕೆ ತಪ್ಪು ಕಂಡಿತು: ತಿರುಗುವಾಗ ಎಡಗಾಲು ತಡವಾಗುತ್ತಿದೆ. ಅದನ್ನೇ ಬರೆದು ಕಳಿಸಿದೆ. ಅವನ ಉತ್ತರ ಕೂಡಲೇ ಬಂತು. ಡ್ಯಾಡ್ ಎಲ್ಲದಕ್ಕೂ ಸೂಪರ್ ಅನ್ನುತ್ತಾರೆ, ಅದಕ್ಕೇ ನಿಮಗೆ ಕಳಿಸುತ್ತೇನೆ ಎಂದಿತ್ತು.

ಪ್ರೀತಿ ಆಟ ನೋಡುವಾಗ ಕಣ್ಣು ಮಿಟುಕಿಸುತ್ತದೆ, ಮಿತ್ರ, ಹೊಟ್ಟೆಕಿಚ್ಚು ಮಿಟುಕಿಸುವುದಿಲ್ಲ. ಇದನ್ನು ಆ ಹುಡುಗ ನನಗಿಂತ ಮೊದಲೇ ಕಂಡುಕೊಂಡಿದ್ದ. ವಾರವಾರವೂ ವಿಡಿಯೊ ಬರುತ್ತದೆ, ವಾರವಾರವೂ ಎಡಗಾಲು ಎಂದು ಬರೆಯುತ್ತೇನೆ. ಹೋದ ಸೋಮವಾರ ಬಂದದ್ದರಲ್ಲಿ ಅದೇ ಗಡ್ಡದವನು, ಅದೇ ಮೂಲೆ. ಹುಡುಗ ತಿರುಗಿದ, ಎಡಗಾಲು ಸರಿಯಾದ ಕ್ಷಣಕ್ಕೆ ಬಂತು, ಗಡ್ಡದವನು ಬರಿ ಗೋಡೆಗೆ ಹೋಗಿ ಬಡಿದ. ಹನ್ನೊಂದು ಸಲ ನೋಡಿದೆ. ಎಲ್ಲೂ ಏನೂ ಸಿಗಲಿಲ್ಲ.

ಸರಿಯಾಗಿದೆ ಎಂಬ ಒಂದು ಪದ ಬರೆದು ಕಳಿಸಲು ನನಗೆ ಬುಧವಾರದವರೆಗೆ ಬೇಕಾಯಿತು. ಅಲ್ಲಿಯವರೆಗೂ ಅವನು ಮತ್ತೆ ಕೇಳಲಿಲ್ಲ. ಕಾದಿದ್ದ.