ದೊಡ್ಡಮ್ಮ ಕೆರೆದಿಟ್ಟ ಅಂಗಳ

ನಮ್ಮ ದೊಡ್ಡಮ್ಮ ಬಟ್ಟೆ ಹೊಲಿದು ಸಂಸಾರ ತೂಗಿಸಿದವಳು. ಬೇಸಿಗೆ ಬಂತೆಂದರೆ ಮಾತ್ರ ಹೊಲಿಗೆ ಯಂತ್ರ ಮುಚ್ಚಿಟ್ಟು ಗುದ್ದಲಿ ಹಿಡಿಯುತ್ತಿದ್ದಳು. ಅವಳ ಮನೆ ಬೀದಿಯ ಕೊನೆಗೆ, ಗುಡ್ಡದ ಬುಡದಲ್ಲಿ. ಹಿತ್ತಿಲು ದಾಟಿದರೆ ಕಾಡು. ಗೋಡೆಯ ಸುತ್ತ ಹುಲ್ಲುಕಡ್ಡಿಯೂ ಉಳಿಯದಂತೆ ನೆಲ ಕೆರೆಯುವಳು, ಏಣಿ ಹತ್ತಿ ಹೆಂಚಿನ ಸಂದಿಯ ತರಗೆಲೆ ತೆಗೆಯುವಳು, ಕಾಳ್ಗಿಚ್ಚಿನ ಕಿಡಿ ಒಳನುಗ್ಗದಂತೆ ಸೂರಿನ ಕಿಂಡಿಗಳಿಗೆ ತಂತಿ ಜಾಲರಿ ಹೊಡೆಯುವಳು. ದೊಡ್ಡಪ್ಪ ಆಸೆಪಟ್ಟು ಗೋಡೆಗೆ ಹಬ್ಬಿಸಿದ್ದ ಬಳ್ಳಿಯನ್ನೂ ಬಿಡಲಿಲ್ಲ. ಬೀದಿಯವರು ಗುದ್ದಲಿಯಮ್ಮ ಎಂದು ಹೆಸರಿಟ್ಟರು.

ಪಾರ್ಶ್ವವಾಯು ಬಡಿದು ದೊಡ್ಡಪ್ಪ ಹಾಸಿಗೆ ಹಿಡಿದಿದ್ದರು. ಊರಿಗಿರುವುದು ಒಂದೇ ರಸ್ತೆ. ಕಾಳ್ಗಿಚ್ಚು ಬಂದರೆ ಓಡಿಹೋದರಾಯಿತು ಎಂದು ನಾವು ಹೇಳಿದಾಗ ಅವಳು, "ನಾವೇನೋ ಓಡ್ತೀವಿ. ಇವ್ರನ್ನ ಯಾರು ಓಡಿಸ್ತಾರೆ?" ಎಂದಳು.

ಪಕ್ಕದ ಮನೆಯ ಬಡಗಿ ಸೌದೆ ನೆನೆಯಬಾರದೆಂದು ಸೂರಿನಡಿ ಗೋಡೆಗೊತ್ತಿ ಪೇರಿಸುತ್ತಿದ್ದ. ಊರವರೆಲ್ಲ ಮಾಡುವುದೂ ಹಾಗೆಯೇ. ಅವನ ಮನೆ ಹೊತ್ತಿದರೆ ತನ್ನದೂ ಉಳಿಯದೆಂದು ದೊಡ್ಡಮ್ಮ ದಿನಾ ಜಗಳ ತೆಗೆದಳು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಜನ ನಾವು. ಅವಳೋ ಪಟ್ಟು ಬಿಡುವವಳಲ್ಲ. ಕೊನೆಗೆ ಅವನೇ ಸೋತು ರಾಶಿಯನ್ನೆಲ್ಲ ದೂರದ ಬಂಡೆಯ ಮೇಲಕ್ಕೆ ಸಾಗಿಸಿದ, ತನ್ನ ಮನೆಯ ಸುತ್ತಲೂ ಅವಳು ನೆಲ ಕೆರೆಯಲು ಬಿಟ್ಟ.

ಒಂದು ಮಧ್ಯಾಹ್ನ ಗಾಳಿ ತಿರುಗಿ ಗುಡ್ಡವೇ ಹೊತ್ತಿಕೊಂಡಿತು. ಉರಿಯುವ ಮರ ರಸ್ತೆಗೆ ಬಿದ್ದು, ದೊಡ್ಡಪ್ಪನನ್ನು ಒಯ್ಯಲು ಕರೆಸಿದ್ದ ಆಂಬುಲೆನ್ಸ್ ಆಚೆಯೇ ನಿಂತಿತು. ಬೀದಿಯವರು ಕಡಿದಾದ ಕಾಲುದಾರಿ ಹಿಡಿದು ಇಳಿದುಹೋದರು. ಹಾಸಿಗೆ ಹಿಡಿದವರನ್ನು ಹೊತ್ತು ಅಲ್ಲಿ ಇಳಿಯುವಂತಿರಲಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ದೊಡ್ಡಪ್ಪ, ಮಾಡಿನ ಮೇಲೆ ನೀರು ಸುರಿಯುತ್ತ ನಾನು ಮತ್ತು ಬಡಗಿ, ಕೆಳಗೆ ಒದ್ದೆ ಗೋಣಿಚೀಲ ಬಡಿಯುತ್ತ ಮನೆಗೆ ಸುತ್ತು ಹಾಕುವ ದೊಡ್ಡಮ್ಮ. ಜ್ವಾಲೆಗಿಂತ ಮೊದಲು ಕಿಡಿಗಳು ಬಂದವು, ತೂರುವಾಗ ಹೊಟ್ಟು ಹಾರಿದಂತೆ. ಹೊಗೆ ಕುಡಿದು ಅವಳು ಹಿತ್ತಿಲಲ್ಲಿ ಒಮ್ಮೆ ಕುಸಿದಳು. ಮುಖಕ್ಕೆ ನೀರೆರಚಿಕೊಂಡು ಮತ್ತೆ ಎದ್ದಳು.

ಕಿಡಿಗಳು ಬರಿ ನೆಲಕ್ಕೆ ಬಿದ್ದು, ತಿನ್ನಲು ಏನೂ ಸಿಗದೆ, ಬಿದ್ದಲ್ಲೇ ಕಪ್ಪಾದವು. ಹಿಂದೆಯೇ ಬಂದ ಮರದೆತ್ತರದ ಬೆಂಕಿ ಅವಳು ಕೆರೆದ ಅಂಚಿನಲ್ಲಿ ತಗ್ಗಿ, ಎರಡಾಗಿ ಸೀಳಿ, ಎರಡೂ ಮನೆಗಳ ಪಕ್ಕದಿಂದ ಸರಿದುಹೋಯಿತು. ಇಡೀ ಗುಡ್ಡ ನುಂಗಿದ ಬೆಂಕಿ ಒಬ್ಬ ಹೆಂಗಸಿನ ಗುದ್ದಲಿಯ ಗೆರೆ ದಾಟಲಿಲ್ಲ! ಹೆದರಿಕೆಯೂ ಮರೆತು ಬಾಯಿ ಬಿಟ್ಟುಕೊಂಡು ನೋಡಿದೆ. ಇಂದಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಹೊಗೆ ತಿಳಿಯಾದ ಮೇಲೆ ಒಳಗೆ ಹೋದೆವು. ದೊಡ್ಡಪ್ಪ ಎಚ್ಚರವಾಗಿಯೇ ಇದ್ದರು. ಭಯವಾಯಿತೇ ಎಂದು ದೊಡ್ಡಮ್ಮ ಕೇಳಿದಳು.

"ನೀನು ಗೋಣಿ ಬಡಿಯೋ ಸದ್ದು ಗೋಡೆಯಾಚೆ ಕೇಳ್ತಿತ್ತು. ಪ್ರತಿ ಸುತ್ತಿಗೂ ಕಾಯ್ತಿದ್ದೆ," ಎಂದರು ತೊದಲುತ್ತ. "ಒಂದು ಸಲ ಬರ್ಲೇ ಇಲ್ಲ. ಆಗ ಈ ಮನೆ ಉಳಿಯೋದೇ ಬೇಡ ಅನ್ನಿಸ್ತು."