ಕಣ್ಣು ಮುಚ್ಚಿ ಕಲಿತ ಕಾಕ್‌ಪಿಟ್

ಟಣ್ ಟಣ್ ಎಂದು ಅಲಾರಂ ಹೊಡೆದುಕೊಳ್ಳತೊಡಗಿದಾಗ, ಇದು ಯಾರದೋ ತಪ್ಪಿರಬೇಕು ಎಂದುಕೊಂಡೆ. ನನ್ನದಂತೂ ಅಲ್ಲ. ಅಷ್ಟು ಧೈರ್ಯ! ಮಸ್ಕತ್ತಿನ ತರಬೇತಿ ಕೇಂದ್ರದ ಸಿಮ್ಯುಲೇಟರ್ ಎಂದರೆ, ನೆಲ ಬಿಟ್ಟು ಏಳುವುದಿಲ್ಲ ಎನ್ನುವುದೊಂದು ಬಿಟ್ಟರೆ ವಿಮಾನವೇ. ಅದರೊಳಗೆ ಕೂತು ನಾನು ಟೇಕಾಫಿಗೆಂದು ಎಂಜಿನ್ ಏರಿಸಿದ್ದೆ. ಹಿಂದೆ ಕೂತಿದ್ದ ಇನ್‌ಸ್ಟ್ರಕ್ಟರ್ ಒಂದು ಗುಂಡಿ ಒತ್ತಿದರು. ಎದುರಿನ ರನ್‌ವೇ ಇದ್ದಲ್ಲೇ ನಿಂತಿತು.

"ಫ್ಲ್ಯಾಪ್ಸ್ ಎಂದು ಕೇಳಿದಾಗ ಏನು ಹೇಳಿದೆ?"

"ಸೆಟ್ ಅಂತ, ಸರ್."

"ಈಗ ನೋಡು."

ನೋಡಿದೆ. ರೆಕ್ಕೆಯ ಅಂಚನ್ನು ಇಳಿಸುವ ಲಿವರ್ ಸೊನ್ನೆಯಲ್ಲೇ ಇತ್ತು. ಅದನ್ನು ಎಳೆಯದೆ ವಿಮಾನ ಸರಿಯಾಗಿ ಏಳುವುದಿಲ್ಲ. ರನ್‌ವೇ ಕಡೆಗೆ ಬರುವಾಗ ರೇಡಿಯೋದಲ್ಲಿ ಏನೋ ಕೇಳಿದ್ದರು, ಉತ್ತರ ಕೊಡುವ ಗಡಿಬಿಡಿಯಲ್ಲಿ ಮರೆತಿದ್ದೆ. ಮರೆತದ್ದು ದೊಡ್ಡದಲ್ಲ, ಚೆಕ್‌ಲಿಸ್ಟ್ ಇರುವುದೇ ಮರೆಯುವವರಿಗಾಗಿ. ನಾನು ಹೆದರಿದ್ದು ಬೇರೆಯದಕ್ಕೆ. ನನ್ನ ಜೊತೆಗೇ ತರಬೇತಿಗೆ ಸೇರಿದ್ದ ನಿಜ್ವಾ ಊರಿನ ಒಮಾನಿ ಸಹಪಾಠಿ ಪಕ್ಕದ ಸೀಟಿನಿಂದ ಚೆಕ್‌ಲಿಸ್ಟ್ ಓದಿದಾಗ, ನಾನು ಆ ಲಿವರನ್ನು ಮುಟ್ಟಿಕೊಂಡೇ "ಸೆಟ್" ಎಂದಿದ್ದೆ.

"ಕೈ ಅದರ ಮೇಲೇ ಇತ್ತು," ಎಂದರು ಇನ್‌ಸ್ಟ್ರಕ್ಟರ್. ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. "ಐದು ದಿನ ಬಿಟ್ಟು ಇನ್ನೊಮ್ಮೆ ಪರೀಕ್ಷೆ. ಅದೇ ಕೊನೆಯದು. ಅದರಲ್ಲೂ ಬಿದ್ದರೆ ತರಬೇತಿ ಮುಗಿಯಿತು."

ತಪ್ಪು ಶುರುವಾದದ್ದು ಅಲ್ ಅಜೈಬಾದ ನಮ್ಮ ಫ್ಲ್ಯಾಟಿನಲ್ಲಿ. ನನ್ನ ಕೋಣೆಯ ಕಪಾಟಿಗೆ ಕಾಕ್‌ಪಿಟ್‌ನ ದೊಡ್ಡ ಚಿತ್ರ ಅಂಟಿಸಿ, ಮುಂದೆ ಊಟದ ಮೇಜಿನ ಎರಡು ಕುರ್ಚಿ ಹಾಕಿಕೊಂಡು, ನಾನೂ ಅಮ್ಮನೂ ದಿನಾ ಸಂಜೆ ಹಾರುತ್ತಿದ್ದೆವು. ಹೊಸಬರೆಲ್ಲ ಹೀಗೆ ಕಾಗದದ ಮುಂದೆ ಕೂತೇ ಕಲಿಯುತ್ತಾರೆ. ಆದರೆ ಅವರಿಗೆಲ್ಲ ಉಡುಪಿಯ ಅಮ್ಮ ಇರುವುದಿಲ್ಲ. ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಬಾಯಿಪಾಠ ಒಪ್ಪಿಸಬೇಕು. ಮಗ್ಗಿ, ತಿಂಗಳು, ನಕ್ಷತ್ರ, ಅರುವತ್ತು ಸಂವತ್ಸರ. ಪುಸ್ತಕದ ಕಡೆ ಕಣ್ಣು ಹೋದರೆ ಅದು ಕಳ್ಳತನ. ಚೆಕ್‌ಲಿಸ್ಟಿಗೂ ಅಮ್ಮ ಅದೇ ಕಾನೂನು ಹಾಕಿದಳು.

"ಕಣ್ಣು ಮುಚ್ಚು. ನೋಡಿಕೊಂಡು ಹೇಳ್ಲಿಕ್ಕೆ ನೀನೇ ಎಂತಕ್ಕೆ? ಯಾರು ಬೇಕಾದ್ರೂ ಹೇಳ್ತಾರೆ," ಎನ್ನುತ್ತಿದ್ದಳು.

ಕಣ್ಣು ಮುಚ್ಚಿ, ಕೈಯನ್ನು ಕರಾರುವಾಕ್ಕಾಗಿ ಲಿವರ್ ಇರುವಲ್ಲಿಗೇ ಚಾಚಿ, ಗಡಗಡನೆ ಒಪ್ಪಿಸುತ್ತಿದ್ದೆ. ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ. ಕಾಗದದ ಲಿವರ್ ಯಾವತ್ತೂ ತಪ್ಪು ಜಾಗದಲ್ಲಿರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮೊದಲ ಸಲ ಬಿದ್ದ ಆ ದಿನ ಮನೆಗೆ ಬಂದು, "ನೋಡಿ ಹೇಳಬೇಕಂತೆ" ಎಂದಷ್ಟೇ ತಿಳಿಸಿದೆ. ಅಮ್ಮ ಕಾರ್ನ್‌ಫ್ಲೇಕ್ಸ್ ಡಬ್ಬಿ ಕತ್ತರಿಸಿ ರಟ್ಟಿನ ಲಿವರುಗಳನ್ನು ಮಾಡಿ, ಟೇಪಿನಿಂದ ಚಿತ್ರದ ಮೇಲೆ ಅಂಟಿಸಿದಳು. ನಾನು ಸ್ನಾನಕ್ಕೆ ಹೋದಾಗ ಯಾವುದಾದರೊಂದನ್ನು ಗುಟ್ಟಾಗಿ ಸರಿಸಿಡುವಳು.

"ಈಗ ನೋಡಿ ಹೇಳು ಮಾರಾಯ್ತಿ."

ಕೆಲವು ಸಲ ಬೇಕೆಂದೇ ಏನನ್ನೂ ಸರಿಸುತ್ತಿರಲಿಲ್ಲ. ಆಗಲೇ ನನಗೆ ಹೆಚ್ಚು ಭಯ. ಎಲ್ಲ ಸರಿಯಿದ್ದರೂ ನಂಬಿಕೆ ಬಾರದೆ ಎರಡು ಸಲ, ಮೂರು ಸಲ ನೋಡುತ್ತಿದ್ದೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮೆಟ್ಟಿಲಿಳಿದವಳು ವಾಪಸು ಹತ್ತುತ್ತಿದ್ದೆ. ಅಲ್ ಖುವೈರ್‌ನ ಸಿಗ್ನಲ್ಲಿನಲ್ಲಿ ಹ್ಯಾಂಡ್‌ಬ್ರೇಕನ್ನೇ ದಿಟ್ಟಿಸುತ್ತ ಕೂತು, ಹಿಂದಿನವರೆಲ್ಲ ಹಾರ್ನ್ ಒತ್ತಿದ ಮೇಲೆ ತಲೆಯೆತ್ತಿದ್ದೂ ಉಂಟು. ಮೂರನೆಯ ಕ್ಲಾಸಿನಿಂದ ನಾನು ಆಸೆಪಟ್ಟ ಕೆಲಸ ಇದೊಂದೇ. ಬೇರೆ ಯಾವುದನ್ನೂ ಯೋಚಿಸಿಯೇ ಇರಲಿಲ್ಲ.

ಕೊನೆಯ ಪರೀಕ್ಷೆಯ ದಿನ ಸಹಪಾಠಿ ಫ್ಲ್ಯಾಪ್ಸ್ ಎಂದು ಕೇಳಿದಾಗ ಬಾಯಿ ತಾನಾಗಿ ತೆರೆದುಕೊಂಡಿತು. ತಡೆದೆ. ನೋಡಿದೆ. ಲಿವರ್ ಸರಿಯಾದ ಜಾಗದಲ್ಲಿತ್ತು. ಇನ್ನೊಮ್ಮೆ ನೋಡಿ "ಸೆಟ್" ಎಂದೆ. ವಿಮಾನ ಏರಿತು. ಬದುಕಿದೆ ಎಂದುಕೊಂಡೆ.

ಆಗ ಇನ್‌ಸ್ಟ್ರಕ್ಟರ್ ಒಂದು ಎಂಜಿನ್ ನಿಲ್ಲಿಸಿದರು. ಪರೀಕ್ಷೆಯಲ್ಲಿ ಇದು ಇದ್ದದ್ದೇ. ವಿಮಾನ ಹಾರಿಸುವುದು ನನ್ನ ಕೆಲಸ. ಕೆಟ್ಟ ಎಂಜಿನ್ನಿನ ಸ್ವಿಚ್ ಆರಿಸುವುದು ಸಹಪಾಠಿಯ ಕೆಲಸ, ಅದಕ್ಕೂ ಮೊದಲು ಅವನು ಬೆರಳಿಟ್ಟು ತೋರಿಸಬೇಕು, ನಾನೊಮ್ಮೆ ಕಣ್ಣು ಹಾಯಿಸಿ ಹೌದೆನ್ನಬೇಕು. ಅವನು ಬೆರಳಿಟ್ಟ. ನೋಡಿದೆ. ಎಡದ್ದೋ, ಬಲದ್ದೋ? ಮತ್ತೆ ನೋಡಿದೆ. ತಪ್ಪು ಸ್ವಿಚ್ ಆರಿಸಿದರೆ ಇರುವ ಒಂದು ಎಂಜಿನ್ನೂ ಹೋಗುತ್ತದೆ. "ಯಲ್ಲಾ, ಬೇಗ ಹೇಳು," ಎಂದು ಅವನು ಪಿಸುಗುಟ್ಟಿದ. ನಾನು ಇನ್ನೂ ನೋಡುತ್ತಲೇ ಇದ್ದೆ. ತಲೆಯೆತ್ತಿದಾಗ ವಿಮಾನ ವಾಲಿಕೊಂಡಿತ್ತು, ವೇಗ ಇಳಿಯುತ್ತಿತ್ತು, ಕಿಟಕಿಯ ತುಂಬ ಕಂದು ಬೆಟ್ಟ. ಮತ್ತೆ ಆ ಗುಂಡಿಯ ಸದ್ದು.

"ಸ್ವಿಚ್ ಸರಿಯಾಗಿಯೇ ಇತ್ತು," ಎಂದರು ಇನ್‌ಸ್ಟ್ರಕ್ಟರ್. "ನೀನು ಅದನ್ನು ನೋಡುತ್ತಿದ್ದಾಗ ವಿಮಾನವನ್ನು ಯಾರು ಹಾರಿಸುತ್ತಿದ್ದರು?"

ಹೆಡ್‌ಫೋನ್ ತೆಗೆದಿಟ್ಟು ಎದ್ದೆ.

ಅಮ್ಮ ಮನೆಯ ಬಾಗಿಲಲ್ಲೇ ನಿಂತಿದ್ದಳು. ಮುಖ ನೋಡಿದಳು, ತಿಳಿಯಿತು.

"ನಾನು ಹೇಳಿಕೊಟ್ಟದ್ದೇ ತಪ್ಪಾಯ್ತಾ ಮಗಾ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹೆದರಿದಾಗ ಇನ್ನೂ ಬೇಗ ಬರುತ್ತದೆ. "ಹೌದು," ಎಂದೆ.

ಈಗ ನಾನು ವಿಮಾನ ನಿಲ್ದಾಣದ ಆಫೀಸೊಂದರಲ್ಲಿ ಕೂತು, ಬೇರೆಯವರು ಹಾರುವ ದಾರಿಯನ್ನು ಗೊತ್ತುಮಾಡಿ ಕೊಡುತ್ತೇನೆ. ಮೊದಲ ಸಲ ನಾನು ಬಿದ್ದದ್ದು ಹೆದರಿಕೆಯೇ ಇಲ್ಲದ್ದರಿಂದ, ಎರಡನೆಯ ಸಲ ಬರೀ ಹೆದರಿಕೆಯಿಂದ. ಕಣ್ಣು ನನ್ನದು, ಅಮ್ಮನದಲ್ಲ. ಇದನ್ನು ಅವಳಿಗೆ ಎಷ್ಟೋ ಸಲ ಹೇಳಿದ್ದೇನೆ. "ಇರ್ಲಿ ಬಿಡು," ಎನ್ನುತ್ತಾಳೆ. ಆದರೆ ನಮ್ಮ ಕಟ್ಟಡದ ನಾಲ್ಕಾರು ಮಕ್ಕಳನ್ನು ಸಂಜೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದವಳು ಅಂದಿನಿಂದ ನಿಲ್ಲಿಸಿಬಿಟ್ಟಿದ್ದಾಳೆ. ಅವರ ತಾಯಂದಿರು ಬಂದು ಕೇಳಿದರೆ ಬಾಗಿಲನ್ನು ಅರ್ಧ ತೆರೆದು ಹೇಳುತ್ತಾಳೆ:

"ಬೇಡ ಮಾರಾಯ್ರೆ, ನನಗೆ ಹೆದರಿಕೆ ಆಗ್ತದೆ. ನಾನು ಹೇಳಿಕೊಟ್ಟು ಮಕ್ಕಳಿಗೆ ಎಂತಾದ್ರೂ ಆದ್ರೆ?"