ಕೊಸರಿಗೆ ಬಂದ ಅಕ್ಷರಗಳು

ಆ ಕಾಗದದ ಕೆಳಗಿನ ಸಹಿ ನನ್ನದೇ. ಇಷ್ಟು ವರ್ಷಗಳಾದ ಮೇಲೂ ನೆನಪಾದರೆ ಕೈ ಕಡಿದುಕೊಳ್ಳಬೇಕು ಎನಿಸುತ್ತದೆ. ಸುತ್ತಿ ಬಳಸಿ ಹೇಳುವುದು ನನ್ನ ಜಾಯಮಾನದಲ್ಲಿಲ್ಲ, ಮೊದಲೇ ಹೇಳಿಬಿಡುತ್ತೇನೆ: ಒಬ್ಬ ಒಳ್ಳೆಯ ಮನುಷ್ಯನ ವರ್ಷಗಟ್ಟಲೆ ದುಡಿಮೆಯನ್ನು ಮಣ್ಣುಪಾಲು ಮಾಡಿದ್ದು ಮುಂಬೈಯ ಒಂದು ದೊಡ್ಡ ಕಂಪನಿ. ಗುಂಡಿ ತೋಡಲು ಅದರ ಕೈಗೆ ಗುದ್ದಲಿ ಕೊಟ್ಟವನು ನಾನು.

ನಾನು ಖಾನಾಪುರದವನು. ಎಪ್ಪತ್ತರ ದಶಕದ ನಡುವಿನಿಂದ ದಿನಾ ಬೆಳಿಗ್ಗೆ ಪ್ಯಾಸೆಂಜರ್ ರೈಲು ಹಿಡಿದು ಬೆಳಗಾವಿಗೆ ಹೋಗಿ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ನಮ್ಮ ಕಡೆ ಒಂದೇ ಮದುವೆಗೆ ಎರಡು ಲಗ್ನಪತ್ರಿಕೆ ಬೇಕು, ಹೆಣ್ಣಿನವರಿಗೆ ಕನ್ನಡದ್ದು, ಗಂಡಿನವರಿಗೆ ಮರಾಠಿಯದ್ದು. ಎರಡೂ ಭಾಷೆಯ ಮೊಳೆಗಳನ್ನು ಕಣ್ಣು ಮುಚ್ಚಿ ಆರಿಸುತ್ತಿದ್ದೆ ಎಂದು ನನಗೊಂದಿಷ್ಟು ಸೊಕ್ಕೂ ಇತ್ತು.

ಪ್ರೆಸ್ಸಿನ ಮೇಲಿನ ಮಹಡಿಯಲ್ಲಿ ಮಾಸ್ತರರ ಟೈಪಿಂಗ್ ಕ್ಲಾಸು. ನನಗಿಂತ ಹದಿನೈದು ವರ್ಷ ದೊಡ್ಡವರು. ಅವರ ಮನೆತನ ಬೆಳಗಾವಿಯಲ್ಲಿ ನೆಲೆಸಿ ಎಷ್ಟು ತಲೆಮಾರಾಯಿತೋ ಅವರಿಗೇ ಲೆಕ್ಕವಿರಲಿಲ್ಲ. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಮರಾಠಿ, ಆದರೆ ಹುಚ್ಚು ಮಾತ್ರ ಕನ್ನಡ ಅಕ್ಷರಗಳದ್ದು. ಎಂಬತ್ತರ ದಶಕ ಅರ್ಧ ದಾಟುವ ಹೊತ್ತಿಗೆ ತಮ್ಮ ಹನ್ನೆರಡು ಟೈಪ್‌ರೈಟರುಗಳಲ್ಲಿ ಹನ್ನೊಂದನ್ನು ಮಾರಿ ಒಂದು ಕಂಪ್ಯೂಟರ್ ತಂದರು. ಊರಿಗೆ ಊರೇ ನಕ್ಕಿತು. ನಾನೂ ನಕ್ಕೆ.

‘ನಗಬ್ಯಾಡೋ ತಮ್ಮಾ,’ ಅಂದರು. ‘ಇನ್ನ ಹತ್ತ ವರ್ಷಕ್ಕ ನಿನ್ನ ಮೊಳಿ ಎಲ್ಲಾ ಮೋಡಕಾದಾಗ, ಹಳೇ ಕಬ್ಬಿಣದ ಜೋಡಿ ಹೊಕ್ಕಾವು. ಈ ಡಬ್ಬಿಗೆ ಕನ್ನಡ ಕಲಿಸೂಣು. ನೀ ಅಕ್ಷರ ತಗಿ, ನಾ ಅದಕ್ಕ ಜೀವ ತುಂಬತೀನಿ.’

ಹೀಗೆ ನನ್ನ ಭಾನುವಾರಗಳು ಹೋದವು. ಖಾನಾಪುರದ ಮನೆಯ ಪಡಸಾಲೆಯಲ್ಲಿ ಕೂತು ಚೌಕಳಿ ಹಾಳೆಯ ಮೇಲೆ ಒಂದೊಂದು ಚೌಕ ತುಂಬುತ್ತ ಅಕ್ಷರ ತೆಗೆಯುತ್ತಿದ್ದೆ. ‘ಲಕ್ಷ್ಮೀ’ ಎಂಬ ಒಂದೇ ಹೆಸರಿಗೆ ನಾಲ್ಕು ಭಾನುವಾರ ಹಿಡಿಯಿತು. ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತು, ಅದು ಕೆಳಗಿನ ಸಾಲಿಗೆ ತಾಗಬಾರದು. ಮಾಸ್ತರರು ಅದನ್ನೆಲ್ಲ ಕಂಪ್ಯೂಟರಿಗೆ ತಿಳಿಯುವ ಭಾಷೆಯಲ್ಲಿ ಬರೆದರು. ಮೂರನೆಯ ವರ್ಷ ಆ ಹೆಸರು ಹಾಳೆಯ ಮೇಲೆ ಮುಕ್ಕಾಗದೆ ಮೂಡಿ ಬಂದ ದಿನ ಮಾಸ್ತರರು ಅತ್ತುಬಿಟ್ಟರು. ಬೆಳಗಾವಿಯ ಆರು ಪ್ರೆಸ್ಸಿನವರು ಆ ಪ್ರೋಗ್ರಾಮ್ ಕೊಳ್ಳುವುದಾಗಿ ಮಾತು ಕೊಟ್ಟರು. ಮೊದಲನೆಯವರು ನಮ್ಮ ಪ್ರೆಸ್ಸಿನ ಮಾಲೀಕರೇ.

ಈಗ ನನ್ನ ಅವ್ವನ ವಿಷಯ ಹೇಳಬೇಕು, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಅವ್ವ ವಾರಕ್ಕೊಮ್ಮೆ ನಂದಗಡದ ಸಂತೆಗೆ ಹೋಗುವಳು. ಮೆಣಸಿನಕಾಯಿ ಅಳೆಸಿಕೊಂಡ ಮೇಲೆ ಚೀಲದ ಬಾಯಿ ಮುಚ್ಚುತ್ತಲೇ ಇರಲಿಲ್ಲ. ‘ಕೊಸರ ಹಾಕವ್ವಾ. ಬರೇ ಅಳತಿಗೆ ಅಳತಿ ಕೊಟ್ರ ಅದೆಂಥಾ ಯಾಪಾರ?’ ಮಾರುವವಳು ಒಂದು ಹಿಡಿ ಮೇಲೆ ಹಾಕುವಳು. ಅವ್ವ, ‘ಇಷ್ಟ ಏನ?’ ಅನ್ನುವಳು. ಇನ್ನೊಂದು ಹಿಡಿ ಬೀಳುವುದು, ಇಬ್ಬರೂ ನಗುವರು. ಕೊಸರು ಕೇಳದೆ ಬಂದರೆ ಮಾರಿದವಳಿಗೇ ಕಸಿವಿಸಿ, ಕೊಟ್ಟ ಕೊಸರನ್ನು ಬೇಡ ಎಂದರಂತೂ ಮುಖಕ್ಕೆ ಹೊಡೆದಂತೆ. ಆ ಚೀಲ ಹಿಡಿದು ನಿಂತೇ ಬೆಳೆದವನು ನಾನು.

ನಮ್ಮ ಮಾಲೀಕರು ಯಂತ್ರವನ್ನು, ಅಂದರೆ ಕಂಪ್ಯೂಟರು ಪ್ರಿಂಟರು ಎರಡನ್ನೂ, ಮುಂಬೈಯ ಆ ಕಂಪನಿಯಿಂದಲೇ ತರಿಸಿದರು. ಬೇರೆ ದಾರಿಯೂ ಇರಲಿಲ್ಲ. ಕೆಟ್ಟರೆ ಅದೇ ದಿನ ಬಂದು ನೋಡುವ ಮನುಷ್ಯ ಬೆಳಗಾವಿಯಲ್ಲಿ ಇದ್ದದ್ದು ಅವರೊಬ್ಬರಿಗೇ. ಯಂತ್ರ ಬಂದ ದಿನ ಮಾಲೀಕರು ಊರಲ್ಲಿರಲಿಲ್ಲ, ಹಿರಿಯ ನೌಕರನೆಂದು ನಾನೇ ಇಳಿಸಿಕೊಂಡೆ. ಕಂಪನಿಯ ಪ್ರತಿನಿಧಿ ಎಲ್ಲ ಜೋಡಿಸಿ, ಕೊನೆಗೆ ಲಕೋಟೆಯಲ್ಲಿದ್ದ ಒಂದು ತೆಳ್ಳನೆಯ ಫ್ಲಾಪಿಯನ್ನು ಯಂತ್ರದ ಮೇಲಿಟ್ಟ.

‘ಇದರಾಗ ಕನ್ನಡ, ಮರಾಠಿ ಎರಡೂ ಅಕ್ಷರ ಅದಾವ್ರಿ. ಮಷಿನ್ ಜೋಡಿ ಫ್ರೀ ಐತಿ.’

ಬೇಡ ಎನ್ನಬೇಕಿತ್ತು. ನಮ್ಮದೇ ಅಕ್ಷರಗಳಿವೆ, ಇದನ್ನು ವಾಪಸ್ ಒಯ್ಯಿರಿ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ನನ್ನ ಅವ್ವನ ಮಾತು.

‘ಇಷ್ಟ ಏನ್ರೀ? ಇಷ್ಟ್ ದೊಡ್ಡ ಮಷಿನ್ ತಗೊಂಡೇವಿ, ಇನ್ನೊಂದ ಹಾಕ್ರಿ ಮ್ಯಾಲೆ.’

ಅವನು ನಕ್ಕು ಚೀಲದಿಂದ ಇನ್ನೊಂದು ಫ್ಲಾಪಿ ತೆಗೆದಿಟ್ಟ. ಜೊತೆಗೆ ಒಂದು ಕ್ಯಾಲೆಂಡರ್. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ! ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ರಸೀದಿ ಕಾಗದದ ಕೆಳಗೆ ಅವನು ಪೆನ್ನಿನಿಂದ ಒಂದು ಸಾಲು ಬರೆದು ನನ್ನ ಮುಂದಿಟ್ಟ. ನನ್ನ ಇಂಗ್ಲಿಷು ಹೆಸರು ಓದುವಷ್ಟೇ. ಸಹಿ ಹಾಕಿ, ಅಂದ ಕಾಣಲೆಂದು ಕೆಳಗೆ ಎರಡು ಗೆರೆಯನ್ನೂ ಎಳೆದೆ. ಫ್ಲಾಪಿಗಳನ್ನು ಕಪಾಟಿಗೆ ಎಸೆದು, ಮಹಡಿ ಹತ್ತಿ ಮಾಸ್ತರರನ್ನು ಕರೆತಂದು ನಮ್ಮ ಪ್ರೋಗ್ರಾಮನ್ನೇ ಯಂತ್ರಕ್ಕೆ ಹಾಕಿಸಿದೆ. ಕೊಸರಿನ ವಿಷಯ ಅವರಿಗೆ ಹೇಳಬೇಕೆಂದೂ ಹೊಳೆಯಲಿಲ್ಲ. ಸಂತೆಯಿಂದ ಬಂದು ಯಾರಾದರೂ ಹೇಳುತ್ತಾರೆಯೇ?

ಒಂದು ತಿಂಗಳೂ ಆಗಿರಲಿಲ್ಲ, ಪ್ರಿಂಟರು ಮುಷ್ಕರ ಹೂಡಿತು. ರಿಪೇರಿಗೆ ಬಂದ ಕಂಪನಿಯವನು ಪರದೆ ನೋಡಿ ಕೈ ಹಿಂತೆಗೆದ.

‘ಇದು ನಮ್ಮ ಪ್ರೋಗ್ರಾಮ್ ಅಲ್ರಿ. ಹೊರಗಿನದು ಹಾಕಿದ್ರ ನಾವು ಮಷಿನಿಗೆ ಕೈ ಹಚ್ಚಂಗಿಲ್ಲ. ತಗದು ನಮ್ಮದು ಹಾಕ್ರಿ, ಐದು ಮಿನಿಟಿನಾಗ ರಿಪೇರಿ ಮಾಡಿಕೊಡ್ತೀನಿ.’

ಮಾಲೀಕರು ಕೆಟ್ಟವರಲ್ಲ, ಆದರೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಪೈಕಿ. ಲಗ್ನಸರಾಯಿ, ಮದುವೆಗಳ ಹಂಗಾಮು, ತಲೆಯ ಮೇಲಿತ್ತು. ಮೂರು ವರ್ಷದ ನಮ್ಮ ಅಕ್ಷರಗಳನ್ನು ನನ್ನ ಕೈಯಿಂದಲೇ ಅಳಿಸಿಹಾಕಿಸಿದರು. ಕಂಪನಿಯ ಅಕ್ಷರದಲ್ಲಿ ಮೊದಲು ಅಚ್ಚಾದ ಪತ್ರಿಕೆಯಲ್ಲಿ ಲಕ್ಷ್ಮಿಯ ಕೆಳಗಿನ ಒತ್ತು ಕತ್ತರಿಸಿ ಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು. ಗಿರಾಕಿ ನೋಡಿ, ‘ಛಲೋ ಆಗೇತ್ರಿ’ ಎಂದು ಒಯ್ದ.

ಉಳಿದ ಐದು ಪ್ರೆಸ್ಸುಗಳಲ್ಲೂ ಅದೇ ಆಯಿತು. ಪುಕ್ಕಟೆ ಬಂದದ್ದು ಇರುವಾಗ ಮಾಸ್ತರರದ್ದನ್ನು ಯಾರು ಕೊಳ್ಳುತ್ತಾರೆ? ಕೊಂಡರೆ ಯಂತ್ರ ಕೆಟ್ಟಾಗ ಯಾರನ್ನು ಕರೆಯುತ್ತಾರೆ? ಟೈಪಿಂಗ್ ಕಲಿಯಲು ಬರುವವರೂ ಇರಲಿಲ್ಲ, ಕಲಿಸಲು ಯಂತ್ರಗಳೇ ಇರಲಿಲ್ಲವಲ್ಲ. ಮಾಸ್ತರರು ಖಾಲಿ ಮೇಜುಗಳ ನಡುವೆ ಒಬ್ಬರೇ ಕೂತಿರುತ್ತಿದ್ದರು. ಮಹಡಿ ಹತ್ತಲು ನನಗೆ ಮನಸ್ಸಾಗುತ್ತಿರಲಿಲ್ಲ, ಹತ್ತದೆ ಇರಲೂ ಆಗುತ್ತಿರಲಿಲ್ಲ.

ಆಗ ಒಬ್ಬ ವಕೀಲರು ಅವರಿಗೊಂದು ದಾರಿ ತೋರಿಸಿದರು. ಒಂದು ವಸ್ತು ಬೇಕೆಂದವನ ಕೊರಳಿಗೆ ಇನ್ನೊಂದನ್ನು ಕಟ್ಟುವುದು, ಬೇರೆಯವರದನ್ನು ಬಳಸದಂತೆ ತಡೆಯುವುದು ಕಾನೂನಿಗೆ ವಿರುದ್ಧ. ಅಂಥ ದೊಡ್ಡ ವ್ಯಾಪಾರಿಗಳಿಗೆ ಮೂಗುದಾರ ಹಾಕಲು ದಿಲ್ಲಿಯಲ್ಲಿ ಒಂದು ಆಯೋಗವಿದೆ ಎಂದರು. ಮಾಸ್ತರರು ಉಳಿದಿದ್ದ ಒಂದೇ ಟೈಪ್‌ರೈಟರಿನಲ್ಲಿ ಏಳು ಪುಟದ ದೂರು ಹೊಡೆದರು. ದಿಲ್ಲಿಯಿಂದ ಉತ್ತರ ಬಂತು. ಕೊಂಡವರ ಮೇಲೆ ಒತ್ತಾಯ ನಡೆದಿದೆ ಎನ್ನುವುದಕ್ಕೆ ಕೊಂಡವರ ಹೇಳಿಕೆ ಕಳಿಸಿ ಎಂದಿತ್ತು. ಒಂದು ಹೇಳಿಕೆ ಸಿಕ್ಕರೆ ಮಾಸ್ತರರು ಬದುಕಿಕೊಂಡರು. ಇಲ್ಲದಿದ್ದರೆ ಎಲ್ಲ ಮುಗಿದಂತೆ.

ಇಬ್ಬರೂ ಪ್ರೆಸ್ಸು ಪ್ರೆಸ್ಸು ಸುತ್ತಿದೆವು. ‘ಬರ್ರಿ, ಕುಂದರ್ರಿ, ಚಹಾ ಕುಡೀರಿ’ ಎಲ್ಲ ಕಡೆ. ಸಹಿಯ ಮಾತು ಬಂದರೆ ಮಾತ್ರ ಎಲ್ಲರ ನಾಲಗೆಯೂ ಒಣಗುತ್ತಿತ್ತು.

‘ಖರೇ ಹೇಳ್ರಿ ಮಾಸ್ತರ,’ ಅಂದರು ಒಬ್ಬರು. ‘ಪುಕ್ಕಟೆ ಕೊಟ್ಟಾರ. ಜುಲುಮಿ ಎಲ್ಲೆ ಮಾಡ್ಯಾರ? ಕೊಸರ ಕೊಟ್ಟವನ ಮ್ಯಾಲೆ ಯಾರರೆ ಫಿರ್ಯಾದಿ ಹಾಕ್ತಾರೇನ್ರಿ?’

ನನಗೆ ಸಿಟ್ಟು ನೆತ್ತಿಗೇರಿ, ಕೊಸರು ತಿಂದ ನಾಲಗೆಗಳು ಎಂದು ಬೈದು ಚಹಾ ಮುಟ್ಟದೆ ಎದ್ದುಬಂದೆ. ಎಂಥ ಧೈರ್ಯ ನನ್ನದು!

ಆ ಸಂಜೆ ಊರಿಗೆ ಮರಳುವಾಗ ಎದುರಿನ ಗಾಡಿಗಾಗಿ ರೈಲನ್ನು ದೇಸೂರಿನಲ್ಲಿ ನಿಲ್ಲಿಸಿದ್ದರು. ನಿಂತ ರೈಲಿನಲ್ಲಿ ಕೂತು ನಿರ್ಧಾರ ಮಾಡಿದೆ. ಯಂತ್ರ ಇಳಿಸಿಕೊಂಡವನು ನಾನು, ಪ್ರೋಗ್ರಾಮ್ ಅಳಿಸಿದ ಕೈಯೂ ನನ್ನದೇ. ಹೇಳಿಕೆ ನಾನೇ ಕೊಡುತ್ತೇನೆ, ಕೆಲಸ ಹೋದರೆ ಹೋಗಲಿ. ಮರುದಿನ ಹೇಳಿದಾಗ ಮಾಸ್ತರರು ನನ್ನ ಎರಡೂ ಕೈ ಹಿಡಿದುಕೊಂಡರು. ಯಾರೂ ಕೇಳದಿದ್ದ ವಸ್ತುವನ್ನು ಕಂಪನಿ ನಮ್ಮ ಮೇಲೆ ಹೇರಿತು ಎಂದು ನಾನು ಹೇಳುತ್ತ ಹೋದೆ, ಅವರು ಇಂಗ್ಲಿಷಿನಲ್ಲಿ ಟೈಪು ಮಾಡಿದರು. ಹೇಳುವಾಗ ಆ ಎರಡನೆಯ ಫ್ಲಾಪಿ ನನ್ನ ನೆನಪಿನ ಹತ್ತಿರ ಸುಳಿಯಲಿಲ್ಲ. ದೇವರಾಣೆ ಸುಳಿಯಲಿಲ್ಲ.

ಸೋಮವಾರ ಅದನ್ನು ಅಂಚೆಗೆ ಹಾಕುವುದೆಂದಿತ್ತು. ಶನಿವಾರ ಮಧ್ಯಾಹ್ನ, ದೂರಿಗೆ ಕಂಪನಿ ಕೊಟ್ಟ ಉತ್ತರದ ಪ್ರತಿ ಮಾಸ್ತರರಿಗೆ ಬಂತು. ನಾನು ಮಹಡಿ ಹತ್ತಿದಾಗ ಅವರು ಕೊನೆಯ ಹಾಳೆ ಹಿಡಿದು ಕಿಟಕಿಯ ಬಳಿ ನಿಂತಿದ್ದರು. ಯಾರ ಮೇಲೂ ಒತ್ತಾಯ ಮಾಡಿಲ್ಲ ಎಂದು ತೋರಿಸಲು ಕಂಪನಿ ನಮ್ಮ ಪ್ರೆಸ್ಸಿನ ರಸೀದಿಯ ನಕಲು ಲಗತ್ತಿಸಿತ್ತು. ಕೆಳಗೆ ನನ್ನ ಸಹಿ, ಅದರ ಕೆಳಗೆ ಅಂದದ ಎರಡು ಗೆರೆ. ಮೇಲೆ ಪ್ರತಿನಿಧಿ ಪೆನ್ನಿನಿಂದ ಬರೆದ ಸಾಲು.

‘ಏನ್ ಬರದಾರ್ರಿ?’ ಅಂದೆ.

ಮಾಸ್ತರರು ಮೆಲ್ಲಗೆ ಕನ್ನಡ ಮಾಡಿ ಹೇಳಿದರು. ‘ಸ್ವಂತ ಖುಷಿಯಿಂದ ತಗೊಂಡಾರ. ಗಿರಾಕಿ ತಾನಾಗೇ ಕೇಳಿದ್ದಕ್ಕ ಇನ್ನೊಂದು ಪ್ರತಿ ಹೆಚ್ಚಿಗಿ ಕೊಟ್ಟೇವಿ.’ ಆಮೇಲೆ ನನ್ನ ಕಡೆ ತಿರುಗಿದರು. ‘ನೀ ಕೇಳಿದ್ಯಾ ತಮ್ಮಾ?’

‘ಕೊಸರಂತ ಕೇಳಿದೆ ಮಾಸ್ತರ,’ ಅಂದೆ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ದಿಲ್ಲಿಯ ದೊಡ್ಡವರಿಗೆ ನಂದಗಡದ ಸಂತೆಯನ್ನು ಹೇಗೆ ವಿವರಿಸುವುದು ಎಂದು ಇಬ್ಬರೂ ಬಹಳ ಹೊತ್ತು ಯೋಚಿಸಿದೆವು. ಕೇಳಿದ್ದು ನಿಜ, ಆದರೆ ಬೇಕಾಗಿ ಕೇಳಿದ್ದಲ್ಲ ಎಂದು ಯಾವ ಇಂಗ್ಲಿಷಿನಲ್ಲಿ ಬರೆಯುವುದು? ಕೊನೆಗೆ ಮಾಸ್ತರರು ಟೈಪು ಮಾಡಿಟ್ಟಿದ್ದ ನನ್ನ ಹೇಳಿಕೆಯನ್ನು ತೆಗೆದು ನಾಲ್ಕು ತುಂಡು ಮಾಡಿದರು.

‘ಇದನ್ನ ಕಳಿಸಿದ್ರ ನಿನಗ ಸುಳ್ಳ ಸಾಕ್ಷಿ ಅಂತಾರ. ಮಕ್ಕಳೊಂದಿಗ ಅದೀ, ಬ್ಯಾಡ.’

ಬೇಡ ಎನ್ನುವ ಮಾತನ್ನು ನಾನು ಹೇಳಬೇಕಿದ್ದ ಜಾಗದಲ್ಲಿ ಹೇಳಲಿಲ್ಲ, ಅವರು ನನ್ನ ಸಲುವಾಗಿ ಹೇಳಿದರು. ಬೇರೆ ಯಾರ ಹೇಳಿಕೆಯೂ ಸಿಗದೆ ಆ ವಾರ ದೂರನ್ನು ಹಿಂದಕ್ಕೆ ತೆಗೆದುಕೊಂಡರು. ಕಂಪ್ಯೂಟರ್ ಮಾರಿದರು, ಮಹಡಿ ಬಿಟ್ಟುಕೊಟ್ಟರು. ಚೌಕಳಿ ಹಾಳೆಗಳ ಕಟ್ಟನ್ನು ನನ್ನ ಕೈಗಿಟ್ಟರು. ಅದನ್ನು ಬಿಚ್ಚುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಉಳಿದ ಒಂದೇ ಟೈಪ್‌ರೈಟರ್ ಹೊತ್ತು ಅವರು ಜಿಲ್ಲಾಧಿಕಾರಿ ಕಚೇರಿಯ ಎದುರಿನ ಮರದ ಕೆಳಗೆ ಅರ್ಜಿ ಹೊಡೆಯಲು ಕೂತರು. ನಾನು ಆ ರಸ್ತೆಯನ್ನೇ ತಪ್ಪಿಸಿ ನಡೆಯುತ್ತಿದ್ದೆ. ಮನೆಯ ಉತಾರದ, ಹಕ್ಕಿನ ದಾಖಲೆಯ, ಕೆಲಸಕ್ಕೆ ಒಂದು ಅರ್ಜಿ ಬೇಕಾಗಿ ಒಮ್ಮೆ ಹೋಗಲೇಬೇಕಾಯಿತು. ನನ್ನ ಮುಂದೆ ಹಲಸಿಯ ಕಡೆಯ ಒಬ್ಬ ಹೆಣ್ಣುಮಗಳು ಕೂತಿದ್ದಳು. ಅವಳ ಅರ್ಜಿ ಮುಗಿಯಿತು.

‘ಇನ್ನೊಂದು ಪ್ರತಿ ಹಾಕ್ರಿ ಅಣ್ಣಾರ, ಕೊಸರಿಗೆ,’ ಅಂದಳು.

ನನಗೆ ನೆಲ ಬಿರಿಯಬಾರದೇ ಎನಿಸಿತು. ಮಾಸ್ತರರು ನಗುತ್ತ ಇನ್ನೊಂದು ಪ್ರತಿ ತೆಗೆದು ಕೊಟ್ಟು ಅವಳನ್ನು ಕಳಿಸಿದರು. ನನ್ನನ್ನು ನೋಡಿ, ಕುಂದರಪಾ ಎಂದು ಮರದ ಬೆಂಚು ತೋರಿಸಿದರು. ನಾನು ವಿಷಯ ಹೇಳಿದೆ. ಅವರು ಹಾಳೆಗಳ ನಡುವೆ ಕಾರ್ಬನ್ ಜೋಡಿಸುತ್ತ ಕೇಳಿದರು.

‘ನಿನಗೂ ಒಂದ ಹೆಚ್ಚಿಗಿ ಹಾಕ್ಲೇನೋ ತಮ್ಮಾ?’

ಕುಹಕ ಹುಡುಕಿದೆ, ಅವರ ಮುಖದಲ್ಲಿ ಇರಲಿಲ್ಲ.

‘ಬ್ಯಾಡ್ರಿ ಮಾಸ್ತರ,’ ಅಂದೆ.

ಅವರು ಕೇಳಿಸದವರಂತೆ ಇನ್ನೊಂದು ಹಾಳೆ ಸೇರಿಸಿ ಟೈಪು ಮಾಡಲು ಶುರು ಮಾಡಿದರು.